ಬೆಳ್ಳಿ ಎಲ್ಲಿ ಕೂತದ?

ಹಾಲುಬಿಳಿ ದ್ರವ ಕಂದುಹಳದಿಗೆ ತಿರುಗಿದರೆ ಫ್ಲಾಸ್ಕಿನೊಳಗೆ ಬೆಳ್ಳಿಯ ನ್ಯಾನೋಕಣಗಳು ಹುಟ್ಟಿವೆ ಎನ್ನಬಹುದು. ಆ ಕಣಗಳು ಅಲ್ಲೇ ತೇಲುತ್ತಿರುವ ಪ್ಲಾಸ್ಟಿಕ್ ಗೋಲಗಳ ಮೈಮೇಲೆ ಕೂತಿವೆ ಎಂದು ಮಾತ್ರ ಹೇಳುವಂತಿಲ್ಲ. ಮೊದಲ ಮಾತಿನಿಂದ ಎರಡನೆಯ ಮಾತಿಗೆ ಬರಲು ನನ್ನ ವಿದ್ಯಾರ್ಥಿಗಳಿಗೆ ಒಂದಿಡೀ ಸೆಮಿಸ್ಟರ್ ಹಿಡಿಯುತ್ತದೆ. ರಸಾಯನಶಾಸ್ತ್ರ ಕಲಿಸುವವಳಾಗಿ ನಾನು ಕೊಡಬಹುದಾದ ಪಾಠಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲವೆಂದು ನಂಬಿದ್ದೇನೆ.

ಧಾರವಾಡದ ಕಡೆಯ ಕಾಲೇಜು ನಮ್ಮದು. ಎಂ.ಎಸ್ಸಿ. ಕೊನೆಯ ವರ್ಷದವರು ಪ್ರಾಜೆಕ್ಟಿಗೆಂದು ಬಂದಾಗ ಹೆಚ್ಚಾಗಿ ಈ ಕೆಲಸವನ್ನೇ ಕೊಡುತ್ತೇನೆ: ಪಾಲಿಸ್ಟೈರೀನಿನ ಅತಿಸಣ್ಣ ಗೋಲಗಳನ್ನು ಮಾಡಬೇಕು, ಅವುಗಳ ಮೈಗೆ ಬೆಳ್ಳಿಯ ನ್ಯಾನೋಕಣಗಳನ್ನು ಹತ್ತಿಸಬೇಕು, ಹತ್ತಿದ್ದನ್ನು ರುಜುವಾತು ಮಾಡಬೇಕು. ಬಣ್ಣ ತಿರುಗಿದ ಗಳಿಗೆಯಲ್ಲಿ ಫ್ಲಾಸ್ಕನ್ನು ಹಿಡಿದುಕೊಂಡೇ ನನ್ನ ಕೋಣೆಗೆ ಬರುತ್ತಾರೆ.

"ಬಣ್ಣ ಬಂತ್ರಿ ಮೇಡಂ!"

"ಬಂತು, ಛಲೋ ಆತು. ಬೆಳ್ಳಿ ಎಲ್ಲಿ ಕೂತದ, ಹೇಳಮ್ಮ?"

ಆ ಹೊತ್ತಿಗೆ ಅವರಲ್ಲಿ ಉತ್ತರ ಇರುವುದಿಲ್ಲ. ಇರಬೇಕೆಂದು ನಾನೂ ಬಯಸುವುದಿಲ್ಲ. ಪ್ರಶ್ನೆ ತಲೆಯಲ್ಲಿ ಉಳಿದರೆ ಸಾಕು.

ಪಾಲಿಸ್ಟೈರೀನ್ ನಮಗೆಲ್ಲ ಗೊತ್ತಿರುವ ವಸ್ತು. ಟಿವಿ ಪೆಟ್ಟಿಗೆಯೊಳಗೆ ಬರುವ ಥರ್ಮೋಕೋಲ್ ಅದರದೇ ಉಬ್ಬಿಸಿದ ರೂಪ. ನಾವು ಮಾಡುವ ಗೋಲಗಳ ಅಡ್ಡಳತೆ ಸುಮಾರು 300 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 400ರಿಂದ 700 ನ್ಯಾನೋಮೀಟರ್ ಇರುವುದರಿಂದ ನಮ್ಮ ಗೋಲಗಳು ಬೆಳಕಿನ ಅಲೆಗಿಂತ ಚಿಕ್ಕವು, ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರ ಕಾಣುವುದಿಲ್ಲ. ಅವುಗಳ ಮೈಗೆ ಹತ್ತಬೇಕಾದ ಬೆಳ್ಳಿಯ ಕಣ ಇನ್ನೂ ಚಿಕ್ಕದು, 15 ನ್ಯಾನೋಮೀಟರಿನ ಆಸುಪಾಸು. ಎಲ್ಲ ಸರಿಯಾಗಿ ಕೂಡಿಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗಸಗಸೆ ಹಚ್ಚಿದ ಉಂಡೆಯ ಹಾಗೆ ಕಾಣುತ್ತದೆ.

ಬೆಳ್ಳಿಯನ್ನು ಹೀಗೆ ಗೋಲದ ಮೇಲೆ ಏಕೆ ಕೂರಿಸಬೇಕು? ಅಷ್ಟು ಸಣ್ಣ ಬೆಳ್ಳಿ ಕಣಗಳು ನೀರಿನಲ್ಲಿ ಒಂಟಿಯಾಗಿ ಉಳಿಯಲಾರವು. ಒಂದಕ್ಕೊಂದು ಅಂಟಿ ಮುದ್ದೆಯಾಗಿ ತಳಕ್ಕಿಳಿಯುತ್ತವೆ, ಸಣ್ಣದಾಗಿದ್ದಾಗ ಇದ್ದ ಗುಣ ಹೋಗುತ್ತದೆ. ಗೋಲದ ಮೈಗೆ ಕಚ್ಚಿಕೊಂಡರೆ ಇದ್ದಲ್ಲೇ ಇರುತ್ತವೆ. ಕೆಲಸ ಮುಗಿದ ಮೇಲೆ ಗೋಲಗಳ ಸಮೇತ ಅವುಗಳನ್ನು ಹಿಂದಕ್ಕೆ ಪಡೆಯಬಹುದು. ಇದೆಲ್ಲಕ್ಕಿಂತ ದೊಡ್ಡ ಕಾರಣವೆಂದರೆ, ಪಕ್ಕಪಕ್ಕದ ಎರಡು ಕಣಗಳ ನಡುವೆ ಉಳಿಯುವ ಕೆಲವೇ ನ್ಯಾನೋಮೀಟರುಗಳ ಸಂದು. ಆ ಸಂದಿನಲ್ಲಿ ನಡೆಯುವ ಸಂಗತಿಗೆ ಸಿ.ವಿ. ರಾಮನ್ ಅವರ ಹೆಸರು ಅಂಟಿಕೊಂಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಗೋಲಗಳು. ಸ್ಟೈರೀನ್ ಬಾಟಲಿಯಲ್ಲಿ ತಾನಾಗಿಯೇ ಗಟ್ಟಿಯಾಗದಿರಲಿ ಎಂದು ತಯಾರಕರು ಅದಕ್ಕೊಂದು ತಡೆ ರಾಸಾಯನಿಕ ಸೇರಿಸಿರುತ್ತಾರೆ. ಬೇರ್ಪಡಿಸುವ ಆಲಿಕೆಯಲ್ಲಿ ತೆಳು ಕಾಸ್ಟಿಕ್ ಸೋಡಾ ದ್ರಾವಣದಿಂದ ತೊಳೆದು ಅದನ್ನು ತೆಗೆಯಬೇಕು. ನೀರಿಗಿಂತ ಹಗುರಾದ ಸ್ಟೈರೀನ್ ಮೇಲೆ ನಿಲ್ಲುತ್ತದೆ, ತಡೆಯನ್ನು ಎಳೆದುಕೊಂಡ ನೀರು ಕೆಳಗಿನಿಂದ ಬಣ್ಣಗೂಡಿ ಹೊರಬರುತ್ತದೆ. ಮೂರು ಬಾಯಿಯ ದುಂಡುತಳದ ಫ್ಲಾಸ್ಕಿನಲ್ಲಿ ಬಟ್ಟಿ ಇಳಿಸಿದ ನೀರು ಹಾಕಿ, ಅದರ ಹತ್ತನೇ ಒಂದು ಪಾಲಿನಷ್ಟು ಸ್ಟೈರೀನ್ ಸುರಿದು, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕುತ್ತಾ ನೈಟ್ರೋಜನ್ ಹಾಯಿಸುತ್ತೇವೆ. ಒಳಗೆ ಆಕ್ಸಿಜನ್ ಉಳಿದಿದ್ದರೆ ಸರಪಳಿ ಕ್ರಿಯೆಯನ್ನು ನುಂಗಿಬಿಡುತ್ತದೆ. ಆಮೇಲೆ ಪೊಟ್ಯಾಸಿಯಂ ಪರ್‌ಸಲ್ಫೇಟಿನ ಚಿಟಿಕೆ. ಬಿಸಿನೀರಿನಲ್ಲಿ ಅದು ಎರಡಾಗಿ ಒಡೆದು ಸಲ್ಫೇಟ್ ರ‍್ಯಾಡಿಕಲ್‌ಗಳಾಗುತ್ತದೆ. ನೀರಿನಲ್ಲಿ ಕರಗಿರುವ ಅತಿ ಕಡಿಮೆ ಸ್ಟೈರೀನನ್ನು ಈ ರ‍್ಯಾಡಿಕಲ್ ಹಿಡಿದು ಕೊಂಡಿ ಕೊಂಡಿಯಾಗಿ ಸರಪಳಿ ಪೋಣಿಸತೊಡಗುತ್ತದೆ. ಸರಪಳಿ ಸ್ವಲ್ಪ ಉದ್ದವಾದೊಡನೆ ನೀರು ಅದನ್ನು ತಾಳದು. ಅಂಥ ಹಲವು ಸರಪಳಿಗಳು ಒಟ್ಟುಗೂಡಿ ಮುದುಡಿಕೊಂಡು ಗೋಲದ ಬೀಜವಾಗುತ್ತವೆ. ಉಳಿದ ಸ್ಟೈರೀನ್ ಹನಿಗಳಿಂದ ಹೊರಟು, ನೀರನ್ನು ಹಾಯ್ದು, ಆ ಬೀಜಗಳೊಳಗೆ ಸೇರಿಕೊಳ್ಳುತ್ತದೆ.

ಈ ವಿಧಾನದಲ್ಲಿ ಸೋಪಿನಂಥ ಯಾವ ವಸ್ತುವನ್ನೂ ಹಾಕುವುದಿಲ್ಲ. ಸೋಪು ಹಾಕಿದರೆ ಇನ್ನೂ ಚಿಕ್ಕ ಗೋಲಗಳು ಬರುತ್ತವೆ, ಆದರೆ ಅದು ಮೈಯನ್ನು ಆವರಿಸಿಕೊಂಡು ಮುಂದೆ ಬೆಳ್ಳಿಗೆ ಅಡ್ಡಬರುತ್ತದೆ. ಎಲ್ಲ ಗೋಲಗಳೂ ಒಂದೇ ಅಳತೆಗೆ ಬರುವುದು ಹೇಗೆಂದು ಹುಡುಗರು ಕೇಳುತ್ತಾರೆ. ಬೀಜಗಳೆಲ್ಲ ಶುರುವಿನ ಸ್ವಲ್ಪ ಹೊತ್ತಿನಲ್ಲೇ ಹುಟ್ಟಿ ಮುಗಿಯುತ್ತವೆ. ಆಮೇಲೆ ಹೊಸದು ಹುಟ್ಟುವುದಿಲ್ಲ, ಹುಟ್ಟಿದವು ಬೆಳೆಯುತ್ತವೆ ಅಷ್ಟೆ. ಒಟ್ಟಿಗೆ ಹುಟ್ಟಿ ಒಂದೇ ನೀರಿನಲ್ಲಿ ಒಂದೇ ಆಹಾರ ಉಂಡವು ಒಂದೇ ಗಾತ್ರಕ್ಕೆ ಬರುತ್ತವೆ. ರಾತ್ರಿಯಿಡೀ ಕಲಕಿದ ದ್ರವದ ಒಂದು ಹನಿಯನ್ನು ಗಾಜಿನ ಮೇಲೆ ನಿಧಾನವಾಗಿ ಒಣಗಲು ಬಿಟ್ಟರೆ ಇದಕ್ಕೆ ಕಣ್ಣೆದುರಿನ ಸಾಕ್ಷಿ ಸಿಗುತ್ತದೆ. ಗೋಲಗಳು ಸಾಲುಗಟ್ಟಿ ಪದರ ಪದರವಾಗಿ ಕೂರುತ್ತವೆ, ಆ ಪದರಗಳಿಂದ ತಿರುಗಿಬರುವ ಬೆಳಕಿಗೆ ಬಣ್ಣ ಬರುತ್ತದೆ. 300 ನ್ಯಾನೋಮೀಟರಿನ ಗೋಲಗಳಾದರೆ ನೇರ ನೋಡಿದಾಗ ಕೆಂಪು, ಗಾಜನ್ನು ಓರೆ ಮಾಡಿದಂತೆ ಹಸಿರಿನತ್ತ ಜರುಗುತ್ತದೆ. ಗೋಲಗಳು ಏರುಪೇರಾಗಿದ್ದರೆ ಬಣ್ಣ ಹುಟ್ಟುವುದೇ ಇಲ್ಲ, ಬರೀ ಬಿಳಿ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಮುಂದೆ ಕೂರುವ ಮೊದಲು ಈ ಬಿಟ್ಟಿ ಪರೀಕ್ಷೆಯನ್ನು ಪ್ರತಿಯೊಬ್ಬರೂ ಮಾಡಲೇಬೇಕೆಂಬುದು ನನ್ನ ಹಟ.

ಒಂದೇ ಅಳತೆಯ ಗೋಲಗಳಿಗಾಗಿ ಮನುಷ್ಯರು ಎಷ್ಟು ದೂರ ಹೋಗಿದ್ದಾರೆಂಬುದಕ್ಕೆ ಒಂದು ಪ್ರಸಂಗವಿದೆ. ಗೋಲ ಕೆಲವು ಮೈಕ್ರೋಮೀಟರಿಗಿಂತ ದೊಡ್ಡದಾದರೆ ಬೆಳೆಯುವಾಗಲೇ ತೇಲುತ್ತದೆ ಅಥವಾ ಮುಳುಗುತ್ತದೆ. ಹಾಗಾಗದಿರಲೆಂದು ಜೋರಾಗಿ ಕಲಕಿದರೆ ಗೋಲಗಳು ಅಂಟಿಕೊಳ್ಳುತ್ತವೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಜಾನ್ ವಾಂಡರ್‌ಹಾಫ್ ಮತ್ತು ಸಂಗಡಿಗರು ತೂಕವೇ ಇಲ್ಲದ ಜಾಗದಲ್ಲಿ ಮಾಡಿದರೆ ಹೇಗೆ ಎಂದು ಯೋಚಿಸಿದರು. ಅವರ ಉಪಕರಣ 1982ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯಲ್ಲಿ ಹೋಯಿತು. ಮುಂದಿನ ಯಾನಗಳಲ್ಲಿ ತಯಾರಾದ 10 ಮೈಕ್ರೋಮೀಟರಿನ ಗೋಲಗಳನ್ನು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ 1985ರಲ್ಲಿ ಅಳತೆಯ ಮಾದರಿಯೆಂದು ಮಾರಾಟಕ್ಕಿಟ್ಟಿತು. ಬಾಹ್ಯಾಕಾಶದಲ್ಲಿ ತಯಾರಾಗಿ ಭೂಮಿಯಲ್ಲಿ ಮಾರಾಟವಾದ ಮೊದಲ ಸರಕು ಅದು. ನಮ್ಮ 300 ನ್ಯಾನೋಮೀಟರಿಗೆ ಅಷ್ಟೆಲ್ಲ ಬೇಡ. ಗುರುತ್ವದ ಎಳೆತ ಅಷ್ಟು ಚಿಕ್ಕದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪರ್‌ಸಲ್ಫೇಟಿನಿಂದ ಇನ್ನೊಂದು ಉಪಕಾರವೂ ಆಗುತ್ತದೆ. ಸರಪಳಿಯ ತಲೆಯಲ್ಲಿ ಉಳಿದ ಸಲ್ಫೇಟ್ ಗುಂಪಿಗೆ ಋಣ ವಿದ್ಯುದಾವೇಶವಿದೆ. ಅದು ನೀರನ್ನು ಬಯಸುವ ಕಾರಣ ಗೋಲದ ಹೊರಮೈಯಲ್ಲೇ ನಿಲ್ಲುತ್ತದೆ. ಗೋಲಗಳೆಲ್ಲ ಋಣವಾದ್ದರಿಂದ ಒಂದನ್ನೊಂದು ದೂರ ತಳ್ಳಿ ತೇಲುತ್ತಿರುತ್ತವೆ. ಬೆಳ್ಳಿಯ ಅಯಾನು ಧನ. ಕರೆಸಿಕೊಳ್ಳುವ ಏರ್ಪಾಡು ಆಗಲೇ ಆಗಿಬಿಟ್ಟಿದೆ. ಆದರೆ ಇಷ್ಟೇ ಆವೇಶ ಸಾಲದು. ಒಣಗಿಸಿದ ಗೋಲಗಳನ್ನು ಸಾಂದ್ರ ಗಂಧಕಾಮ್ಲದಲ್ಲಿ 40 ಡಿಗ್ರಿಯ ಹತ್ತಿರ ಕೆಲವು ಗಂಟೆ ಇಟ್ಟು ಹೊರಮೈಗೆ ಇನ್ನಷ್ಟು ಸಲ್ಫೋನಿಕ್ ಗುಂಪುಗಳನ್ನು ಕೂಡಿಸುತ್ತೇವೆ. ಹತ್ತಿತೋ ಇಲ್ಲವೋ ಎಂಬುದನ್ನು ಇನ್‌ಫ್ರಾರೆಡ್ ರೋಹಿತ ಹೇಳುತ್ತದೆ: ಪಾಲಿಸ್ಟೈರೀನಿನ ಹಳೆಯ ಗೆರೆಗಳ ಜೊತೆಗೆ ಸೆಂಟಿಮೀಟರಿಗೆ 1000ದಿಂದ 1200 ಅಲೆಗಳ ನಡುವೆ ಹೊಸ ಗೆರೆಗಳು ಏಳುತ್ತವೆ.

ಇಲ್ಲಿ ಎಲ್ಲರನ್ನೂ ನಿಲ್ಲಿಸಿ ಹಾಳೆ, ಪೆನ್ನು ಕೊಡುತ್ತೇನೆ. ಬೆಳ್ಳಿ ಎಷ್ಟು ಬೇಕು, ಲೆಕ್ಕ ಹಾಕಿ. 300 ನ್ಯಾನೋಮೀಟರಿನ ಗೋಲಗಳು ಒಂದು ಗ್ರಾಂ ಇದ್ದರೆ ಅವುಗಳ ಒಟ್ಟು ಮೈ 19 ಚದರ ಮೀಟರ್, ಅಂದರೆ 200 ಚದರ ಅಡಿಗೂ ಮಿಗಿಲು. ಒಂದು ಗೋಲದ ಅರ್ಧ ಮೈ ಮುಚ್ಚಲು 15 ನ್ಯಾನೋಮೀಟರಿನ ಬೆಳ್ಳಿ ಕಣಗಳು ಸುಮಾರು 800 ಬೇಕು. ಆ 800 ಕಣಗಳ ಒಟ್ಟು ಗಾತ್ರ ಗೋಲದ ಗಾತ್ರದ ಹತ್ತನೇ ಒಂದು ಪಾಲು. ಬೆಳ್ಳಿಯ ಸಾಂದ್ರತೆ 10.49, ಪಾಲಿಸ್ಟೈರೀನಿನದು 1.05. ಹಾಗಾಗಿ ಹತ್ತನೇ ಒಂದು ಪಾಲಿನ ಗಾತ್ರದ ಬೆಳ್ಳಿ ತೂಕದಲ್ಲಿ ಗೋಲಕ್ಕೆ ಸಮನಾಗುತ್ತದೆ! ಈ ಉತ್ತರ ಬಂದಾಗ ಹುಡುಗರು ಎರಡು ಸಲ ಲೆಕ್ಕ ತಿರುಗಿಸಿ ನೋಡುತ್ತಾರೆ. ಒಂದು ಗ್ರಾಂ ಗೋಲಕ್ಕೆ ಒಂದು ಗ್ರಾಂ ಬೆಳ್ಳಿ, ಅದಕ್ಕೆ 1.57 ಗ್ರಾಂ ಸಿಲ್ವರ್ ನೈಟ್ರೇಟ್. ಮೂರು ತಿಂಗಳ ಕೆಲಸದ ಸರಿತಪ್ಪನ್ನು ಅಳೆಯಲು ಈ ಹಾಳೆ ಬೇಕು, ಪ್ರಯೋಗ ಪುಸ್ತಕದ ಮೊದಲ ಪುಟಕ್ಕೇ ಅದನ್ನು ಅಂಟಿಸಲು ಹೇಳುತ್ತೇನೆ.

ಸಿಲ್ವರ್ ನೈಟ್ರೇಟ್ ಗೊತ್ತಿಲ್ಲದವರು ನಮ್ಮಲ್ಲಿಲ್ಲ. ಮತ ಹಾಕಿದ ಪ್ರತಿಯೊಬ್ಬರ ಬೆರಳಿಗೂ ಅದು ತಾಗಿದೆ. ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಚುನಾವಣೆಯಿಂದ ಒದಗಿಸುತ್ತಿರುವ ಅಳಿಸಲಾಗದ ಶಾಯಿಯಲ್ಲಿ ಇರುವುದು ಇದೇ. ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ತಾಗಿ ಕಪ್ಪಾಗುತ್ತದೆ. ಪ್ರಯೋಗಾಲಯದಲ್ಲಿ ಅದೇ ಉಪ್ಪು ನಮಗೆ ವೈರಿ. ಬೋರ್‌ವೆಲ್ ನೀರಿನಲ್ಲಿ ತೊಳೆದ ಬೀಕರಿನ ತಳದಲ್ಲಿ ಉಳಿದ ಕ್ಲೋರೈಡ್ ಸಾಕು, ಬೆಳ್ಳಿ ಗೋಲದ ಕಡೆ ಹೋಗುವ ಮೊದಲೇ ಬಿಳಿ ಗಷ್ಟವಾಗಿ ಇಳಿದುಬಿಡುತ್ತದೆ.

ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಅಮೋನಿಯಾವನ್ನು ಹನಿಹನಿಯಾಗಿ ಬಿಟ್ಟರೆ ಮೊದಲು ಕಂದು ಗಷ್ಟ ಬರುತ್ತದೆ, ಇನ್ನೂ ಬಿಟ್ಟರೆ ಕರಗಿ ತಿಳಿಯಾಗುತ್ತದೆ. ಪಿಯುಸಿಯಲ್ಲಿ ಪ್ರನಾಳದ ಒಳಗೋಡೆಗೆ ಕನ್ನಡಿ ಕಟ್ಟಿಸಿದ ಟಾಲೆನ್ಸ್ ಕಾರಕವಿದು. ಬರ್ನ್‌ಹಾರ್ಡ್ ಟಾಲೆನ್ಸ್ 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ. ಇದನ್ನು ಬೇಕಾದಾಗ ಬೇಕಾದಷ್ಟೇ ಮಾಡಿ ಆ ಹೊತ್ತೇ ಮುಗಿಸಬೇಕು. ಇಟ್ಟರೆ ಸ್ಫೋಟಿಸಬಲ್ಲ ಬೆಳ್ಳಿಯ ಸಂಯುಕ್ತ ಕೂಡಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ.

ಗೋಲಗಳಿರುವ ನೀರಿಗೆ ಈ ದ್ರಾವಣ ಬೆರೆಸಿ ಕಲಕಿದಾಗ ಬೆಳ್ಳಿಯ ಅಯಾನುಗಳು ಋಣ ಮೈಗೆ ಹೋಗಿ ಸೇರುತ್ತವೆ. ಎಲ್ಲವೂ ಸೇರುವುದಿಲ್ಲ, ಬಹಳಷ್ಟು ನೀರಿನಲ್ಲೇ ಉಳಿಯುತ್ತವೆ. ಅವಸರದವರು ಇಲ್ಲಿಯೇ ಅಪಕರ್ಷಕವನ್ನು, ಅಂದರೆ ಅಯಾನನ್ನು ಲೋಹವಾಗಿಸುವ ರಾಸಾಯನಿಕವನ್ನು, ಹಾಕಿಬಿಡುತ್ತಾರೆ. ಬೆಳ್ಳಿ ಎಲ್ಲೆಂದರಲ್ಲಿ ಹುಟ್ಟುತ್ತದೆ: ಗೋಲದ ಮೇಲೆ, ನಡುನೀರಿನಲ್ಲಿ, ಫ್ಲಾಸ್ಕಿನ ಗಾಜಿನ ಮೇಲೆ. ತಾಳ್ಮೆಯವರು ಸೆಂಟ್ರಿಫ್ಯೂಜ್ ಮಾಡಿ ಗೋಲಗಳನ್ನು ತಳಕ್ಕಿಳಿಸಿ, ಮೇಲಿನ ನೀರು ಚೆಲ್ಲಿ, ಹೊಸ ನೀರಿನಲ್ಲಿ ಎಬ್ಬಿಸಿ, ಆಮೇಲೆ ಬೋರೋಹೈಡ್ರೈಡಿನ ಕೆಲವೇ ಹನಿ ಹಾಕುತ್ತಾರೆ. ಅದು ಚುರುಕಾದ ಅಪಕರ್ಷಕ, ಗೋಲದ ಮೈಮೇಲಿದ್ದ ಅಯಾನುಗಳು ಅಲ್ಲಲ್ಲೇ ಪುಟ್ಟ ಬೀಜಗಳಾಗಿ ನಿಲ್ಲುತ್ತವೆ. ಇಷ್ಟಾದ ಮೇಲೆ ಮತ್ತೆ ಟಾಲೆನ್ಸ್ ದ್ರಾವಣವನ್ನು ತೀರ ತೆಳುವಾಗಿ ಕೊಟ್ಟು, ಗ್ಲೂಕೋಸಿನಂಥ ಸೌಮ್ಯ ಅಪಕರ್ಷಕ ಹಾಕಿ ನಿಧಾನಕ್ಕೆ ಬೆಳೆಸಬೇಕು. ಹೊಸ ಬೀಜ ಹುಟ್ಟಲು ಬೇಕಾದಷ್ಟು ಬೆಳ್ಳಿ ನೀರಿನಲ್ಲಿ ಒಮ್ಮೆಗೇ ಇರುವುದಿಲ್ಲವಾದ್ದರಿಂದ ಇದ್ದ ಬೀಜಗಳೇ ದಪ್ಪವಾಗುತ್ತವೆ. ಬಿಳಿ ಹೋಗಿ ಹಳದಿ, ಹಳದಿ ಹೋಗಿ ಕಂದು, ಕೊನೆಗೆ ಬೂದುಗಪ್ಪು.

ಈಗ ಆ ಪ್ರಶ್ನೆಯನ್ನು ಎತ್ತಿಕೊಳ್ಳುವ ಹೊತ್ತು. ನನಗೆ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಸೆಂಟ್ರಿಫ್ಯೂಜೇ. ದ್ರವದಲ್ಲಿ ಇಳಿಯುವ ವೇಗ ಕಣದ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಳ್ಳಿ ಭಾರವಾದ ಲೋಹ ಹೌದು, ಆದರೂ 15 ನ್ಯಾನೋಮೀಟರಿನ ಬಿಡಿ ಕಣಕ್ಕಿಂತ ಬೆಳ್ಳಿ ಹೊದ್ದ ಗೋಲ ಸುಮಾರು 40 ಪಟ್ಟು ಬೇಗ ಇಳಿಯುತ್ತದೆ. ಕಡಿಮೆ ವೇಗದಲ್ಲಿ ತಿರುಗಿಸಿದರೆ ಗೋಲಗಳು ತಳ ಸೇರುತ್ತವೆ, ಹತ್ತದೆ ಉಳಿದ ಬೆಳ್ಳಿ ಮೇಲಿನ ನೀರನ್ನು ಹಳದಿ ಮಾಡಿ ತೇಲುತ್ತದೆ. ತಳದ್ದನ್ನು ಹೊಸ ನೀರಿನಲ್ಲಿ ಎಬ್ಬಿಸಿ, ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ ಹತ್ತು ನಿಮಿಷ ಅಲುಗಿಸಿ, ಮತ್ತೆ ತಿರುಗಿಸಿ. ಮೇಲಿನ ನೀರು ತಿಳಿಯಾಗುವವರೆಗೆ ತೊಳೆಯಿರಿ. ಅಷ್ಟು ತೊಳೆದ ಮೇಲೂ ತಳದ ಗೋಲಗಳು ಕಂದಾಗಿದ್ದರೆ ಮಾತಾಡೋಣ ಎನ್ನುತ್ತೇನೆ. ತೊಳೆಯದೆ ಮಾಡಿದ ಯಾವ ಅಳತೆಯನ್ನೂ ನಾನು ಒಪ್ಪುವುದಿಲ್ಲ.

ದ್ರವ ಯಾವ ಬೆಳಕನ್ನು ಎಷ್ಟು ಹೀರಿತೆಂದು ಅಳೆಯುವ ಯುವಿ-ವಿಸಿಬಲ್ ಯಂತ್ರ ಇದನ್ನೇ ಅಂಕಿಯಲ್ಲಿ ಹೇಳುತ್ತದೆ. ನೀರಿನಲ್ಲಿ ಒಂಟಿಯಾಗಿ ತೇಲುವ ಸಣ್ಣ ಬೆಳ್ಳಿ ಕಣ 400 ನ್ಯಾನೋಮೀಟರಿನ ಹತ್ತಿರ ನೇರಳೆ ಬೆಳಕನ್ನು ಗಾಢವಾಗಿ ಹೀರುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಬೆಳ್ಳಿಯ ಸ್ವತಂತ್ರ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಅತ್ತಿತ್ತ ತೂಗುವುದರಿಂದ ಹೀಗಾಗುತ್ತದೆ, ಇದಕ್ಕೆ ಪ್ಲಾಸ್ಮಾನ್ ಅನುರಣನ ಎನ್ನುತ್ತಾರೆ. ಲೋಹದ ಸಣ್ಣ ಗೋಲಗಳು ಬೆಳಕನ್ನು ಹೀರುವ, ಚದುರಿಸುವ ಗಣಿತವನ್ನು ಗುಸ್ತಾವ್ ಮೀ 1908ರಲ್ಲೇ ಬಿಡಿಸಿಟ್ಟಿದ್ದ. ಗೋಲದ ಮೇಲೆ ಕಣಗಳು ಒತ್ತೊತ್ತಾಗಿ ಕೂತರೆ ಒಂದರ ತೂಗಾಟ ಪಕ್ಕದ್ದಕ್ಕೆ ತಾಗುತ್ತದೆ, ಶಿಖರ ಅಗಲವಾಗಿ ಉದ್ದ ತರಂಗಾಂತರದ ಕಡೆಗೆ ಸರಿಯುತ್ತದೆ. 400ರಲ್ಲಿ ಚೂಪಾದ ಶಿಖರ ತಂದುಕೊಟ್ಟು "ಛಲೋ ಬಂದೈತ್ರಿ" ಎಂದವರಿಗೆ ನಾನು ಹೇಳುವುದು, ಇದು ಬಿಡಿ ಬೆಳ್ಳಿಯ ಶಿಖರವಿದ್ದೀತು, ಇನ್ನೊಮ್ಮೆ ತೊಳೆದು ಬಾ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಮ್ಮಲ್ಲಿಲ್ಲ. ಮಾದರಿಯನ್ನು ವಿಶ್ವವಿದ್ಯಾಲಯಗಳ ಉಪಕರಣ ಕೇಂದ್ರಗಳಿಗೆ ಒಯ್ದು, ಹಣ ಕಟ್ಟಿ, ಸರದಿ ಕಾಯಬೇಕು. ಚಿತ್ರ ಬಂದಾಗ ಎಲ್ಲರ ಮುಖ ಅರಳುವುದು ಸಹಜ. ಬೂದು ಗೋಲದ ಮೇಲೆ ಕಪ್ಪು ಚುಕ್ಕೆಗಳು. ಬೆಳ್ಳಿಯ ಪರಮಾಣು ಸಂಖ್ಯೆ 47, ಇಂಗಾಲದ್ದು 6, ಹಾಗಾಗಿ ಬೆಳ್ಳಿ ಎಲೆಕ್ಟ್ರಾನುಗಳನ್ನು ಹೆಚ್ಚು ಚದುರಿಸಿ ಕಪ್ಪಾಗಿ ಕಾಣುತ್ತದೆ. ಈ ಚಿತ್ರವನ್ನೇ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಪ್ರಶ್ನಿಸುವುದು. ಎಲೆಕ್ಟ್ರಾನುಗಳು ಮಾದರಿಯನ್ನು ತೂರಿ ಬರುವ ಈ ಬಗೆಯ ಸೂಕ್ಷ್ಮದರ್ಶಕದಲ್ಲಿ ಮೇಲಿನದೂ ಕೆಳಗಿನದೂ ಒಂದೇ ನೆರಳಾಗಿ ಬೀಳುತ್ತವೆ. ಗೋಲದ ಅಡಿಯಲ್ಲಿ ಜಾಲರಿಗೆ ಅಂಟಿದ ಬಿಡಿ ಕಣವೂ ಗೋಲದ ಮೈಮೇಲಿದ್ದಂತೆಯೇ ಕಾಣುತ್ತದೆ. ಇನ್ನೂ ಗಂಭೀರವಾದದ್ದು ಒಣಗಿಸುವ ಕ್ರಮ. ತಾಮ್ರದ ಜಾಲರಿಯ ಮೇಲೆ ಬಿದ್ದ ಹನಿ ಆರುತ್ತಾ ಕುಗ್ಗುವಾಗ ನೀರಿನ ಸೆಳೆತ ಎಲ್ಲವನ್ನೂ ಒಂದೆಡೆ ತಳ್ಳುತ್ತದೆ. ನೀರಿನಲ್ಲಿದ್ದಾಗ ಗೋಲದಿಂದ ದೂರವಿದ್ದ ಬೆಳ್ಳಿ, ಒಣಗಿದಾಗ ಗೋಲಕ್ಕೆ ಹತ್ತಿರುತ್ತದೆ.

ಅದಕ್ಕೇ ಜೊತೆಯಲ್ಲಿ ಇನ್ನೊಂದು ಮಾದರಿ ಕಳಿಸುತ್ತೇನೆ. ಸಿಟ್ರೇಟಿನಿಂದ ಬೇರೆಯಾಗಿ ಮಾಡಿದ ಬೆಳ್ಳಿ ಕಣಗಳನ್ನು ಬರಿಯ ಗೋಲಗಳ ಜೊತೆ ಸುಮ್ಮನೆ ಬೆರೆಸಿದ್ದು. ಸಿಟ್ರೇಟ್ ಹೊದ್ದ ಬೆಳ್ಳಿಯೂ ಋಣ, ಗೋಲವೂ ಋಣ, ನೀರಿನಲ್ಲಿ ಎರಡೂ ದೂರ ದೂರ. ಒಣಗಿಸಿ ಚಿತ್ರ ತೆಗೆದಾಗ ಈ ಬೆರಕೆ ಮಾದರಿಯೂ ನಮ್ಮ ಮಾದರಿಯೂ ಒಂದೇ ತೆರನಾಗಿ ಕಂಡರೆ ಆ ಚಿತ್ರದಿಂದ ಏನೂ ಸಿದ್ಧವಾಗಲಿಲ್ಲ ಎಂದೇ ಅರ್ಥ. ನಮ್ಮ ಮಾದರಿಯಲ್ಲಿ ಗೋಲದ ಅಂಚಿನುದ್ದಕ್ಕೂ ಕಣಗಳು ಹೊರಚಾಚಿ ಕಂಡು, ಗೋಲಗಳ ನಡುವಿನ ಬಯಲು ಖಾಲಿಯಾಗಿದ್ದರೆ, ಬೆರಕೆ ಮಾದರಿಯಲ್ಲಿ ಬಯಲಿನಲ್ಲೂ ಬೆಳ್ಳಿ ಚೆಲ್ಲಿದ್ದರೆ, ಆಗ ಮಾತಿಗೆ ಬಲ ಬರುತ್ತದೆ. ಮಾದರಿಯ ತಟ್ಟೆಯನ್ನು ಓರೆ ಮಾಡಿ ಎರಡನೇ ಚಿತ್ರ ತೆಗೆದರಂತೂ ಮೇಲಿನ ಕಣ ಯಾವುದು, ಕೆಳಗಿನದು ಯಾವುದು ಎಂಬುದೂ ಬಗೆಹರಿಯುತ್ತದೆ. ಖರ್ಚು ಇಮ್ಮಡಿ. ಆ ಇಮ್ಮಡಿ ಖರ್ಚಿಗಾಗಿ ನಾನು ವಾದಿಸಿದಷ್ಟು ಬೇರೆ ಯಾವುದಕ್ಕೂ ವಾದಿಸಿಲ್ಲ.

ಮೇಲ್ಮೈಯನ್ನು ತೋರಿಸುವ ಸ್ಕ್ಯಾನಿಂಗ್ ಸೂಕ್ಷ್ಮದರ್ಶಕದಲ್ಲಿ ಇನ್ನೊಂದು ಎಚ್ಚರ ಬೇಕು. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯದು, ಆವೇಶ ಶೇಖರವಾಗಿ ಚಿತ್ರ ಕದಡುತ್ತದೆ. ಅದಕ್ಕೆಂದು ವಾಡಿಕೆಯಂತೆ ಚಿನ್ನದ ತೆಳು ಲೇಪ ಕೊಡುತ್ತಾರೆ. ಆ ಲೇಪಕ್ಕೂ ನ್ಯಾನೋಮೀಟರುಗಳ ಅಳತೆಯ ಹರಳುತನವಿದೆ! ಬರಿಯ ಗೋಲವೂ ಚುಕ್ಕೆ ಚುಕ್ಕೆಯಾಗಿ ಕಂಡೀತು. ಯಂತ್ರ ನಡೆಸುವವರಿಗೆ "ಚಿನ್ನ ಬ್ಯಾಡ್ರಿ, ಇಂಗಾಲದ ಲೇಪ ಕೊಡ್ರಿ" ಎಂದು ಮೊದಲೇ ಚೀಟಿ ಬರೆದು ಕಳಿಸುತ್ತೇವೆ. ಎಲೆಕ್ಟ್ರಾನುಗಳು ತಾಗಿದಾಗ ಮಾದರಿಯಿಂದ ಹೊರಬರುವ ಎಕ್ಸ್ ಕಿರಣಗಳಲ್ಲಿ 2.98 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಶಿಖರ ಬೆಳ್ಳಿಯದು. ಚಿತ್ರಗಳನ್ನು ಆರಿಸುವಾಗಲೂ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಎಲ್ಲಕ್ಕಿಂತ ಚಂದದ ಗೋಲವನ್ನು ಹುಡುಕಿ ದೊಡ್ಡದು ಮಾಡುವ ಮುಂಚೆ, ಕಣ್ಣಿಗೆ ಬಿದ್ದ ಐದಾರು ಕಡೆ ಕಡಿಮೆ ವರ್ಧನೆಯ ಚಿತ್ರ ತೆಗೆದು ನೂರಕ್ಕೂ ಹೆಚ್ಚು ಗೋಲಗಳನ್ನು ಎಣಿಸಬೇಕು: ಪೂರಾ ಹೊದ್ದವೆಷ್ಟು, ಅರೆಬರೆ ಎಷ್ಟು, ಬೋಳು ಎಷ್ಟು.

ಎಕ್ಸ್ ಕಿರಣ ವಿವರ್ತನೆಯ ವಿಚಾರ ಚಿಕ್ಕದು. ಪಾಲಿಸ್ಟೈರೀನಿಗೆ ಸ್ಫಟಿಕ ರಚನೆಯಿಲ್ಲ, 20 ಡಿಗ್ರಿ ಕೋನದ ಹತ್ತಿರ ಅಗಲವಾದ ದಿಬ್ಬ ಮಾತ್ರ. ಬೆಳ್ಳಿ 38.1, 44.3, 64.4, 77.4 ಡಿಗ್ರಿಗಳಲ್ಲಿ ತಪ್ಪದೆ ಏಳುತ್ತದೆ. ಹರಳು ಚಿಕ್ಕದಾದಷ್ಟೂ ಶಿಖರ ಅಗಲ. 38.1ರ ಶಿಖರ 0.56 ಡಿಗ್ರಿ ಅಗಲವಿದ್ದರೆ ಶೆರ್ರರ್ ಸೂತ್ರದಂತೆ ಹರಳು 15 ನ್ಯಾನೋಮೀಟರ್. 32.2ರಲ್ಲಿ ಶಿಖರ ಕಂಡಿತೋ, ಎಲ್ಲೋ ಉಪ್ಪುನೀರು ಸೇರಿ ಸಿಲ್ವರ್ ಕ್ಲೋರೈಡ್ ಆಗಿದೆ, ಬೀಕರ್ ತೊಳೆದವರನ್ನು ಕರೆಯಬೇಕು.

ಕಡೆಯದು ತೂಕ. ಚೆನ್ನಾಗಿ ತೊಳೆದು 60 ಡಿಗ್ರಿಯಲ್ಲಿ ಒಣಗಿಸಿದ ಪುಡಿಯನ್ನು (ನೂರರ ಹತ್ತಿರ ಹೋದರೆ ಪಾಲಿಸ್ಟೈರೀನ್ ಮೆತ್ತಗಾಗಿ ಗೋಲಗಳು ಒಂದಾಗುತ್ತವೆ) ಸೂಕ್ಷ್ಮ ತಕ್ಕಡಿಯಿರುವ ಕುಲುಮೆಯಲ್ಲಿ ಗಾಳಿ ಹಾಯಿಸುತ್ತಾ 600 ಡಿಗ್ರಿಯವರೆಗೆ ಕಾಯಿಸುತ್ತಾರೆ. ಪ್ಲಾಸ್ಟಿಕ್ ಸುಟ್ಟುಹೋಗುತ್ತದೆ. ಬೆಳ್ಳಿ ಕರಗುವುದು 961.8 ಡಿಗ್ರಿಯಲ್ಲಿ, ಹಾಗಾಗಿ ಅದು ಕುಳಿತಲ್ಲೇ ಉಳಿಯುತ್ತದೆ. ಮೊದಲ ಪುಟದ ಹಾಳೆ ತೆಗೆಯಿರಿ. ಅರ್ಧ ಮೈ ಮುಚ್ಚಿದ್ದರೆ ಉಳಿದ ತೂಕ ನೂರಕ್ಕೆ 50 ಇರಬೇಕು. ಸೂಕ್ಷ್ಮದರ್ಶಕದ ಚಿತ್ರ ಅರ್ಧ ಮುಚ್ಚಿದೆ ಎನ್ನುತ್ತಿದ್ದು ತಕ್ಕಡಿ ನೂರಕ್ಕೆ 12 ಎಂದರೆ, ನಾವು ನೋಡಿದ ಚಿತ್ರ ಎಲ್ಲ ಗೋಲಗಳ ಪ್ರತಿನಿಧಿಯಲ್ಲ. ಚಿತ್ರಕ್ಕೂ ತಕ್ಕಡಿಗೂ ಜಗಳ ಬಿದ್ದಾಗ ನಾನು ತಕ್ಕಡಿಯ ಕಡೆ.

ಇನ್ನು ಆ ಸಂದುಗಳ ಸಂಗತಿ. 1928ರ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ರಾಮನ್ ಕಂಡುಕೊಂಡದ್ದು, ಅಣುವಿಗೆ ತಾಗಿ ಚದುರಿದ ಬೆಳಕಿನ ಅತಿ ಸಣ್ಣ ಪಾಲಿಗೆ ಬಣ್ಣ ಬದಲಾಗುತ್ತದೆ ಎಂದು. ಎಷ್ಟು ಬದಲಾಯಿತೆಂಬುದು ಆ ಅಣುವಿನ ಗುರುತು. ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ಆಮೇಲೆ ಸ್ವಂತ ಸಂಸ್ಥೆ ಕಟ್ಟಿ 1970ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನವರಾಗಿಯೇ ಇದ್ದರು. ಗುರುತು ಅಚ್ಚುಕಟ್ಟು, ಆದರೆ ತುಂಬ ಮಂಕು. ಚದುರಿದ ಬೆಳಕಿನಲ್ಲಿ ಸುಮಾರು ಕೋಟಿಗೆ ಒಂದು ಪಾಲು ಮಾತ್ರ ಹೀಗೆ ಬಣ್ಣ ಬದಲಿಸುತ್ತದೆ. ಅಣುಗಳು ಕೆಲವೇ ಇದ್ದರೆ ಏನೂ ಕಾಣದು.

1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್, ಹೆಂಡ್ರಾ ಮತ್ತು ಮೆಕ್ವಿಲ್ಲನ್ ಒರಟು ಮಾಡಿದ ಬೆಳ್ಳಿಯ ಎಲೆಕ್ಟ್ರೋಡಿಗೆ ಹತ್ತಿದ ಪಿರಿಡೀನ್ ಅಣುಗಳಿಂದ ಗಟ್ಟಿಯಾದ ರಾಮನ್ ಸಂಕೇತ ಪಡೆದರು. ಒರಟಾದ ಮೈಗೆ ವಿಸ್ತೀರ್ಣ ಹೆಚ್ಚು, ಹೆಚ್ಚು ಅಣುಗಳು ಹತ್ತಿದವು ಎಂದು ಅವರ ವಿವರಣೆ. ನಂಬುವಂಥದ್ದೇ. ಮೂರು ವರ್ಷದ ಮೇಲೆ ಅಮೆರಿಕದ ನಾರ್ತ್‌ವೆಸ್ಟರ್ನ್‌ನಲ್ಲಿ ಜೀನ್‌ಮೇರ್ ಮತ್ತು ವ್ಯಾನ್ ಡೈನ್, ಇಂಗ್ಲೆಂಡಿನ ಕೆಂಟ್‌ನಲ್ಲಿ ಆಲ್ಬ್ರೆಕ್ಟ್ ಮತ್ತು ಕ್ರೈಟನ್, ಅಣುಗಳ ಲೆಕ್ಕವನ್ನೇ ಹಾಕಿ ನೋಡಿದರು. ಒರಟುತನದಿಂದ ಸಿಗುವ ಹೆಚ್ಚುವರಿ ವಿಸ್ತೀರ್ಣ ಸಂಕೇತದ ಹೆಚ್ಚಳದ ಹತ್ತಿರಕ್ಕೂ ಬರಲಿಲ್ಲ. ಒಂದೊಂದು ಅಣುವಿನ ಸಂಕೇತವೇ ಲಕ್ಷ ಪಟ್ಟು, ಹತ್ತು ಲಕ್ಷ ಪಟ್ಟು ಏರಿತ್ತು. ಬೆಳ್ಳಿಯ ಎಲೆಕ್ಟ್ರಾನುಗಳ ತೂಗಾಟ ಬೆಳಕಿನ ಕ್ಷೇತ್ರವನ್ನು ಸಂದುಗಳಲ್ಲಿ ಗುಡ್ಡೆ ಹಾಕುತ್ತದೆ, ಆ ಸಂದಿಗೆ ಬಿದ್ದ ಅಣು ಅಷ್ಟು ಜೋರಾಗಿ ಉತ್ತರಿಸುತ್ತದೆ ಎಂದು ಆಮೇಲೆ ತಿಳಿಯಿತು. ಎಷ್ಟು ಅಣು ಇವೆ, ಎಲ್ಲಿ ಇವೆ ಎಂದು ಕೇಳಿದ್ದರಿಂದಲೇ ಹೊಸ ವಿದ್ಯಮಾನ ಕಣ್ಣಿಗೆ ಬಿದ್ದದ್ದು. ತರಗತಿಯಲ್ಲಿ ಈ ಕಥೆ ಹೇಳುವಾಗ ಪ್ರತಿ ಸಲವೂ ನನ್ನ ಧ್ವನಿ ಏರುತ್ತದೆ.

ನಮ್ಮ ಗೋಲಗಳು ಅಂಥ ಸಂದುಗಳ ಗೊಂಚಲು. ಪರೀಕ್ಷೆಗೆ ರೋಡಮೈನ್ ಬಣ್ಣದ ತೀರ ತೆಳು ದ್ರಾವಣ ಬಳಸುತ್ತೇವೆ, ಬರಿಯ ಗೋಲದ ಮೇಲೆ ಕಾಣದ ಗೆರೆಗಳು ಬೆಳ್ಳಿಯ ಗೋಲದ ಮೇಲೆ ಎದ್ದು ಬರುತ್ತವೆ. ಹಣ್ಣಿನ ಸಿಪ್ಪೆಯ ಮೇಲೆ ಉಳಿದ ಥೈರಾಮ್ ಎಂಬ ಶಿಲೀಂಧ್ರನಾಶಕವನ್ನು ಹೀಗೆ ಹಿಡಿಯಬಹುದೆಂದು ಹಲವು ಪ್ರಯೋಗಾಲಯಗಳು ತೋರಿಸಿವೆ. ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಬಿಡದೆ ಹಿಡಿಯುತ್ತದೆ. ದ್ರಾಕ್ಷಿ ಬೆಳೆಯುವ ಜಿಲ್ಲೆಗಳ ಮಕ್ಕಳೇ ನನ್ನ ತರಗತಿಯಲ್ಲಿರುವುದರಿಂದ ಈ ಬಳಕೆ ನನಗೆ ಹತ್ತಿರವಾದದ್ದು. ಆದರೆ ಇದೆ ಎಂದು ತೋರಿಸುವುದು ಒಂದು ಕೆಲಸ, ಎಷ್ಟಿದೆ ಎಂದು ಹೇಳುವುದು ಬೇರೆ ಕೆಲಸ. ಗೋಲದಿಂದ ಗೋಲಕ್ಕೆ ಸಂದುಗಳು ಬೇರೆಯಾದರೆ ಅದೇ ಥೈರಾಮಿಗೆ ಬೇರೆ ಬೇರೆ ಉತ್ತರ ಬರುತ್ತದೆ. ಬೋಳು ಗೋಲ, ಅರೆಬರೆ ಗೋಲಗಳನ್ನು ಎಣಿಸುವ ಬೇಸರದ ಕೆಲಸಕ್ಕೆ ಇಲ್ಲಿ ಅರ್ಥ ಬರುತ್ತದೆ.

ಬೇರೆ ಉಪಯೋಗಗಳೂ ಇವೆ. ಬೋರೋಹೈಡ್ರೈಡ್ ಜೊತೆ ನೈಟ್ರೋಫೀನಾಲಿನ ಹಳದಿಯನ್ನು ಈ ಗೋಲಗಳು ನಿಮಿಷಗಳಲ್ಲಿ ಇಳಿಸುತ್ತವೆ, ಕೆಲಸ ಮುಗಿದ ಮೇಲೆ ತೊಳೆದು ಮತ್ತೆ ಬಳಸಬಹುದು. ಬೆಳ್ಳಿಯ ಅಯಾನು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ನೀರಿನ ಫಿಲ್ಟರಿನಲ್ಲಿ ಬೆಳ್ಳಿಯ ನ್ಯಾನೋಕಣಗಳನ್ನು ಭತ್ತದ ಹೊಟ್ಟಿನ ಬೂದಿಯ ಮೇಲೆ ಹತ್ತಿಸಿದ್ದರು. ಅಲ್ಲಿಯೂ ಕಣ ತನ್ನ ಆಸರೆಯನ್ನು ಬಿಟ್ಟು ನೀರಿಗೆ ಬರಬಾರದು ಎಂಬುದೇ ಮುಖ್ಯ.

ಅದೇ ಕಾರಣಕ್ಕೆ ನಮ್ಮ ತೊಳೆದ ನೀರು ಸಿಂಕಿಗೆ ಹೋಗಬಾರದು. ಬ್ಯಾಕ್ಟೀರಿಯಾ ಕೊಲ್ಲುವ ಬೆಳ್ಳಿಗೆ ಚರಂಡಿಯ ಆಚೆಯ ಮಣ್ಣಿನ ಜೀವಗಳೂ ಒಂದೇ. ಎಲ್ಲವನ್ನೂ ಕಂದು ಬಣ್ಣದ ಬಾಟಲಿಯಲ್ಲಿ ಕೂಡಿಹಾಕುತ್ತೇವೆ, ಅಮೋನಿಯಾ ಇರುವುದನ್ನು ಅಂದೇ ಆಮ್ಲ ಹಾಕಿ ತಟಸ್ಥ ಮಾಡಿದ ಮೇಲೆ. ಅಡುಗೆಯ ಉಪ್ಪು ಹಾಕಿದರೆ ಎರಡು ಕೆಲಸ ಒಟ್ಟಿಗೇ ಆಗುತ್ತವೆ: ಕರಗಿದ ಬೆಳ್ಳಿ ಕ್ಲೋರೈಡ್ ಆಗಿ ಇಳಿಯುತ್ತದೆ, ಗೋಲಗಳ ಋಣಾವೇಶದ ತಳ್ಳಾಟ ಅಡಗಿ ಅವೂ ಮುದ್ದೆಯಾಗಿ ಇಳಿಯುತ್ತವೆ. ಸೋಸಿ ಒಣಗಿಸಿದ ಹಿಂಡಿಯನ್ನು ಅಪಾಯಕಾರಿ ತ್ಯಾಜ್ಯದವರಿಗೆ ಒಪ್ಪಿಸುತ್ತೇವೆ.

ಬಗೆಹರಿಯದೆ ಉಳಿದಿರುವುದು ಬಾಳಿಕೆಯ ವಿಚಾರ. ನೀರಿನಲ್ಲಿ ಕರಗಿದ ಆಕ್ಸಿಜನ್ ಬೆಳ್ಳಿಯನ್ನು ನಿಧಾನವಾಗಿ ಅಯಾನು ಮಾಡುತ್ತದೆ, ಚಿಕ್ಕ ಕಣಗಳು ಕರಗಿ ದೊಡ್ಡವುಗಳ ಮೇಲೆ ಹೋಗಿ ಸೇರುತ್ತವೆ, ಸಂದುಗಳು ಅಗಲವಾಗುತ್ತವೆ. ಈ ವರ್ಷದ ಇಬ್ಬರು ಹುಡುಗಿಯರು ಒಂದೇ ತಯಾರಿಯ ಗೋಲಗಳನ್ನು ಎರಡು ರೀತಿಯಲ್ಲಿ ಇಟ್ಟಿದ್ದಾರೆ: ಕುತ್ತಿಗೆಯವರೆಗೆ ತುಂಬಿ ಫ್ರಿಜ್ಜಿನ ಕತ್ತಲಲ್ಲಿ 4 ಡಿಗ್ರಿಗೆ ಒಂದು, ಅರ್ಧ ತುಂಬಿ ಕಿಟಕಿಯ ಪಕ್ಕ ಇನ್ನೊಂದು. ತಿಂಗಳಿಗೊಮ್ಮೆ ಎರಡನ್ನೂ ತೊಳೆದು, ಮೇಲಿನ ನೀರಿನಲ್ಲಿ ಎಷ್ಟು ಬೆಳ್ಳಿ ಬಂತು ಎಂದು ಅಳೆದು, ಆಮೇಲೆ ರೋಡಮೈನ್ ಪರೀಕ್ಷೆ ಮಾಡುತ್ತಾರೆ.